ಬೆನ್ನೊಳಗೊಂದು ಪಲ್ಸ್ ಜನರೇಟರ್, ಮನೆಯಲ್ಲಿ ಮೊದಲ ವಾರ

ಪಲ್ಸ್ ವಿಡ್ತ್, ಫ್ರೀಕ್ವೆನ್ಸಿ, ಆಂಪ್ಲಿಟ್ಯೂಡ್. ಈ ಮೂರು ಪದಗಳನ್ನ ನಾವು ಲ್ಯಾಬ್ ರೆಕಾರ್ಡ್‌ನಲ್ಲಿ ಎಷ್ಟು ಸಲ ಬರೆದಿದ್ದೀವೋ ಲೆಕ್ಕ ಇಲ್ಲ. ಫಂಕ್ಷನ್ ಜನರೇಟರ್‌ನ ನಾಬ್ ತಿರುಗಿಸೋದು, ಸ್ಕ್ರೀನ್ ಮೇಲೆ ಸ್ಕ್ವೇರ್ ವೇವ್ ಬಂತು ಅಂದ್ರೆ ಸಹಿ ಹಾಕಿಸ್ಕೊಂಡು ಕ್ಯಾಂಟೀನ್‌ಗೆ ಓಡೋದು. ಅದೇ ಮೂರು ನಾಬ್‌ಗಳ ಕೆಲಸ ಮಾಡುವ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕ ಟೈಟಾನಿಯಂ ಪೆಟ್ಟಿಗೆಯೊಂದನ್ನು ಮನುಷ್ಯರ ಸೊಂಟದ ಕೆಳಗೆ, ಚರ್ಮದೊಳಗೆ ಇಡುತ್ತಾರೆ. ಅದಕ್ಕೆ ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್ ಅಂತ ಹೆಸರು. ವರ್ಷಗಟ್ಟಲೆ ಬಿಡದ ನರದ ನೋವಿಗೆ, ಅದರಲ್ಲೂ ಬೆನ್ನಿನ ಆಪರೇಷನ್ ಆದ ಮೇಲೂ ಕಾಲಲ್ಲಿ ಉಳಿದುಬಿಡುವ ಉರಿನೋವಿಗೆ, ಇದನ್ನು ಬಳಸುತ್ತಾರೆ.

ಈ ಸಲದ ಪಾಠ ಆ ಪೆಟ್ಟಿಗೆ ಬಗ್ಗೆ ಸ್ವಲ್ಪ, ಅದನ್ನು ಹಾಕಿಸಿಕೊಂಡು ಅವತ್ತೇ ಸಂಜೆ ಮನೆಗೆ ಬಂದವರ ನೋವಿನ ಬಗ್ಗೆ ಜಾಸ್ತಿ. ಯಾಕಂದ್ರೆ ಇದನ್ನು ಬಹಳ ಕಡೆ ಒಂದೇ ದಿನದ ಆಪರೇಷನ್ ಆಗಿ ಮಾಡ್ತಾರೆ. ಬೆಳಿಗ್ಗೆ ಅಡ್ಮಿಟ್, ಸಂಜೆ ಡಿಸ್ಚಾರ್ಜ್. ಮೊದಲ ರಾತ್ರಿ ಪಕ್ಕದಲ್ಲಿ ನರ್ಸ್ ಇರಲ್ಲ, ಮನೆಯವರು ಇರ್ತಾರೆ. ಎಷ್ಟೋ ಮನೆಗಳಲ್ಲಿ ಆ ‘ಮನೆಯವರು’ ಅಂದ್ರೆ ನಮ್ಮ ವಯಸ್ಸಿನ ಮಗನೋ ಮಗಳೋ.

ಮೊದಲು ಸರ್ಕ್ಯೂಟ್ ನೋಡೋಣ. ಸುಮಾರು 1.3 ಮಿ.ಮೀ. ದಪ್ಪದ ತಂತಿಯನ್ನು (ಇದಕ್ಕೆ ಲೀಡ್ ಅಂತಾರೆ) ಬೆನ್ನುಹುರಿಯ ಹೊದಿಕೆಯ ಹೊರಗಿರುವ ಜಾಗದಲ್ಲಿ, ಅಂದರೆ ಎಪಿಡ್ಯೂರಲ್ ಸ್ಪೇಸ್‌ನಲ್ಲಿ ತೂರಿಸುತ್ತಾರೆ. ಸೊಂಟ, ಕಾಲಿನ ನೋವಿಗಾದರೆ ತುದಿ ಸಾಮಾನ್ಯವಾಗಿ ಎದೆಭಾಗದ 8ನೇ ಅಥವಾ 9ನೇ ಮೂಳೆಯ ಹತ್ತಿರ ಬರುತ್ತದೆ. ಲೀಡ್‌ನ ತುದಿಯಲ್ಲಿ ಸಾಮಾನ್ಯವಾಗಿ 8 ಪ್ಲಾಟಿನಂ-ಇರಿಡಿಯಂ ಕಾಂಟ್ಯಾಕ್ಟ್‌ಗಳು, ಒಂದೊಂದೂ ಸುಮಾರು 3 ಮಿ.ಮೀ. ಉದ್ದ. ಯಾವುದು ಪ್ಲಸ್, ಯಾವುದು ಮೈನಸ್ ಅಂತ ಹೊರಗಿನಿಂದಲೇ ಪ್ರೋಗ್ರಾಂ ಮಾಡಬಹುದು. ಕರೆಂಟ್ ಮಿಲಿಆಂಪಿಯರ್‌ಗಳಲ್ಲಿ, ಪಲ್ಸ್ ಅಗಲ ಕೆಲವು ನೂರು ಮೈಕ್ರೋಸೆಕೆಂಡ್. ಹಳೇ ಪದ್ಧತಿಯಲ್ಲಿ 40-60 ಹರ್ಟ್ಸ್ ಆಸುಪಾಸು. ಆಗ ನೋವಿನ ಜಾಗದಲ್ಲಿ ಜುಮ್ ಅನ್ನುತ್ತೆ. 2015ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ 10 ಕಿಲೋಹರ್ಟ್ಸ್ ಪದ್ಧತಿಯಲ್ಲಿ ಜುಮ್ ಅನ್ನೋದೇ ಇಲ್ಲ. ಪ್ರತಿ ಪಲ್ಸ್ ಆದಮೇಲೆ ಅಷ್ಟೇ ಚಾರ್ಜ್ ವಾಪಸ್ ಎಳೆದುಕೊಳ್ಳಬೇಕು, ಇಲ್ಲದಿದ್ದರೆ ಎಲೆಕ್ಟ್ರೋಲಿಸಿಸ್ ಆಗಿ ಅಂಗಾಂಶ, ಕಾಂಟ್ಯಾಕ್ಟ್ ಎರಡೂ ಹಾಳಾಗುತ್ತವೆ. ಕೆಮಿಸ್ಟ್ರಿ ಸೈಕಲ್‌ನಲ್ಲಿ ಓದಿದ್ದು ಎಲ್ಲಿ ಉಪಯೋಗಕ್ಕೆ ಬರುತ್ತೆ ಅಂತ ಕೇಳ್ತಿದ್ರಲ್ಲ, ಇಲ್ಲಿ.

ಇದರ ಹಿಂದಿನ ಯೋಚನೆ 1965ರದ್ದು. ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಅನ್ನುವವರು ‘ಗೇಟ್ ಕಂಟ್ರೋಲ್’ ಸಿದ್ಧಾಂತ ಮಂಡಿಸಿದರು. ಸ್ಪರ್ಶದ ಸುದ್ದಿ ತರುವ ದಪ್ಪ ನರತಂತುಗಳು ಚುರುಕಾದರೆ, ಬೆನ್ನುಹುರಿಯಲ್ಲೇ ಒಂದು ಬಾಗಿಲು ಮುಚ್ಚಿದ ಹಾಗಾಗಿ, ಸಣ್ಣ ತಂತುಗಳು ತರುವ ನೋವಿನ ಸುದ್ದಿ ಮಿದುಳಿಗೆ ಕಡಿಮೆ ತಲುಪುತ್ತದೆ ಅನ್ನೋದು ಅದರ ಸಾರ. ಮಗು ಬಿದ್ದು ಮೊಣಕಾಲು ತರಚಿಕೊಂಡಾಗ ಅಜ್ಜಿ ಪಕ್ಕದಲ್ಲೇ ಸವರಿ ‘ಏನೂ ಆಗಿಲ್ಲ ಬಿಡು’ ಅಂತಾರಲ್ಲ, ಅದೇ. ಎರಡೇ ವರ್ಷಕ್ಕೆ, 1967ರಲ್ಲಿ, ನಾರ್ಮನ್ ಶೀಲಿ ಎಂಬ ಸರ್ಜನ್ ಮೊದಲ ಸಲ ಮನುಷ್ಯರಿಗೆ ಇದನ್ನು ಅಳವಡಿಸಿದರು. ಅವರ ಜೊತೆ ಉಪಕರಣದ ಕೆಲಸ ಮಾಡಿದ ಥಾಮಸ್ ಮಾರ್ಟಿಮರ್ ಆಗಿನ್ನೂ ಎಂಜಿನಿಯರಿಂಗ್ ವಿದ್ಯಾರ್ಥಿ. ನಮ್ಮ ಮಿನಿ ಪ್ರಾಜೆಕ್ಟ್‌ಗಳನ್ನ ನೆನೆಸ್ಕೊಂಡ್ರೆ ಸ್ವಲ್ಪ ನಾಚಿಕೆ ಆಗುತ್ತೆ.

ಈಗ ಮುಖ್ಯ ವಿಷಯ. ಮನೆಗೆ ಬಂದವರಿಗೆ ಎರಡು ಬೇರೆ ಬೇರೆ ನೋವು ಇರ್ತವೆ. ಒಂದು ಹಳೆಯದು, ನರದ್ದು: ಉರಿ, ಶಾಕ್ ಹೊಡೆದ ಹಾಗೆ, ಕಾಲಿನುದ್ದಕ್ಕೂ. ಇನ್ನೊಂದು ಹೊಸದು, ಗಾಯದ್ದು: ಬೆನ್ನಿನ ನಡುವೆ ಒಂದು ಹೊಲಿಗೆ, ಪೆಟ್ಟಿಗೆ ಇಟ್ಟ ಜಾಗದಲ್ಲಿ ಇನ್ನೊಂದು ಹೊಲಿಗೆ, ಅವೆರಡರ ಸುತ್ತ ಕೊಯ್ದ ನೋವು, ಊತ, ಬಿಗಿತ. ಸ್ಟಿಮ್ಯುಲೇಟರ್ ಹಾಕಿರೋದು ಮೊದಲನೆಯದಕ್ಕೆ. ಎರಡನೆಯದಕ್ಕೆ ಅದು ಹೆಚ್ಚೇನೂ ಮಾಡಲ್ಲ. ಒಂದು ಬ್ಯಾಂಡ್‌ಗೆ ಡಿಸೈನ್ ಮಾಡಿದ ಫಿಲ್ಟರ್ ಬೇರೆ ಬ್ಯಾಂಡ್‌ನ ನಾಯ್ಸ್ ತೆಗೆಯಲ್ಲ ಅನ್ನೋ ಹಾಗೆ. ಎಷ್ಟೋ ಸಲ ಯಂತ್ರವನ್ನು ಮೊದಲ ದಿನ ಆನ್ ಕೂಡ ಮಾಡಿರಲ್ಲ, ಪ್ರೋಗ್ರಾಮಿಂಗ್ ಕೆಲವು ದಿನ ಬಿಟ್ಟು ನಡೆಯುತ್ತೆ.

ಇದು ಗೊತ್ತಿಲ್ಲದಿದ್ರೆ ಏನಾಗುತ್ತೆ ಅನ್ನೋದನ್ನ ನಾವು ಹತ್ತಿರದಿಂದ ನೋಡಿದ್ದೀವಿ. ನಮ್ಮ ಕ್ಲಾಸಿನ ಒಬ್ಬನ ಅಪ್ಪ ಲಾರಿ ಓಡಿಸ್ತಿದ್ದವರು. ಡಿಸ್ಕ್‌ಗೆ ಎರಡು ಆಪರೇಷನ್ ಆಗಿ, ಎಡಗಾಲಿನ ಉರಿ ಮಾತ್ರ ಹೋಗಲಿಲ್ಲ. ಸ್ಟಿಮ್ಯುಲೇಟರ್ ಟ್ರಯಲ್ ಅಂತ ಒಂದು ವಾರ ತಂತಿ ಮಾತ್ರ ಒಳಗೆ, ಪೆಟ್ಟಿಗೆ ಹೊರಗೆ ಇಟ್ಟು ನೋಡಿದಾಗ ನೋವು ಅರ್ಧಕ್ಕಿಂತ ಕಡಿಮೆ ಆಯ್ತು. ಸಾಲ ಮಾಡಿ ಪರ್ಮನೆಂಟ್ ಹಾಕಿಸಿದರು. ಊರು ದೂರ ಅಂತ ಆ ಸಂಜೆ ಬೆಂಗಳೂರಲ್ಲೇ ಚಿಕ್ಕಮ್ಮನ ಮನೆಗೆ ಬಂದರು. ಕೊಯ್ಯುವಾಗ ಹಾಕಿದ ಮರಗಟ್ಟಿಸುವ ಮದ್ದು ಕೆಲವು ಗಂಟೆ ಮಾತ್ರ ನಿಲ್ಲುತ್ತೆ. ರಾತ್ರಿ 11ಕ್ಕೆ ಅದು ಇಳಿದುಹೋಯ್ತು. ‘ಮಗಾ, ಮಿಷನ್ ಕೆಲ್ಸ ಮಾಡ್ತಿಲ್ಲ ಕಣೋ, ದುಡ್ಡೆಲ್ಲ ನೀರಲ್ಲಿ ಹೋಮ ಆಯ್ತು’ ಅಂತ ಅವರು ಅಳೋಕೆ ಶುರು ಮಾಡಿದ್ರಂತೆ. ಮಗ ಹಾಸ್ಟೆಲ್‌ಗೆ ಫೋನ್ ಮಾಡಿ ನಮ್ಮನ್ನ ಕೇಳಿದ: ‘ಲೀಡ್ ಓಪನ್ ಸರ್ಕ್ಯೂಟ್ ಆಗಿರಬಹುದಾ?’

ನಾವು ಹೇಳಿದ್ದು ಇಷ್ಟೇ, ಡಿಸ್ಚಾರ್ಜ್ ಚೀಟಿ ಮೇಲಿನ ನಂಬರ್‌ಗೆ ಫೋನ್ ಮಾಡು. ಆ ಕಡೆಯ ನರ್ಸ್ ಯಂತ್ರದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಎರಡೂ ಕಾಲು ಮೊದಲಿನ ಹಾಗೇ ಆಡ್ತಿವೆಯಾ? ಮೂತ್ರ ಹೋಯ್ತಾ? ನೋವು ಹೊಲಿಗೆ ಹತ್ತಿರವಾ, ಕಾಲಲ್ಲಾ? ಕೊನೆಗೆ, 8 ಗಂಟೆ ಮಾತ್ರೆ ಕೊಟ್ರಾ? ಕೊಟ್ಟಿರಲಿಲ್ಲ. ‘ತೀರಾ ತಡೆಯೋಕೆ ಆಗದಿದ್ರೆ ತಗೊಳ್ತೀನಿ’ ಅಂತ ಅಪ್ಪ ಅದನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ರು.

ಇದು ಬಹಳ ಜನರ ಅಭ್ಯಾಸ. ಮಾತ್ರೆ ಕಡಿಮೆ ನುಂಗಿದಷ್ಟೂ ಗಟ್ಟಿಗರು ಅನ್ನೋ ಲೆಕ್ಕ. ಆದರೆ ಗಾಯದ ನೋವು ಶಿಖರಕ್ಕೆ ಏರಿದ ಮೇಲೆ ಅದನ್ನು ಇಳಿಸೋದು ಕಷ್ಟ. ಮೊದಲ ಎರಡು-ಮೂರು ದಿನ ಚೀಟಿಯಲ್ಲಿ ಹೊತ್ತು ಹಾಕಿ ಬರೆದ ಮಾತ್ರೆಯನ್ನು ಆ ಹೊತ್ತಿಗೇ ಕೊಡಬೇಕು, ನೋವು ಬರಲಿ ಅಂತ ಕಾಯಬಾರದು. ‘ಬೇಕಾದಾಗ ಮಾತ್ರ’ ಅಂತ ಬರೆದಿದ್ದು ಬೇರೆ, ಅದನ್ನ ಬೇಕಾದಾಗಲೇ ಕೊಡಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಗಾಯದ ನೋವು ಇಳಿಯುತ್ತೆ, ಮಾತ್ರೆಯೂ ಇಳಿಸ್ತಾ ಬರ್ತಾರೆ.

ಪ್ಯಾರಾಸಿಟಮಾಲ್ ವಿಷಯದಲ್ಲಿ ಒಂದು ಕೂಡೋ ಲೆಕ್ಕ ಮಾಡಲೇಬೇಕು. ದೊಡ್ಡವರಿಗೆ ದಿನದ ಮೇಲ್ಮಿತಿ 4000 ಮಿ.ಗ್ರಾಂ., ತೂಕ ಕಡಿಮೆ ಇದ್ದರೆ, ಕುಡಿಯುವ ಅಭ್ಯಾಸ ಇದ್ದರೆ, ಲಿವರ್ ತೊಂದರೆ ಇದ್ದರೆ ವೈದ್ಯರು ಅದಕ್ಕಿಂತ ಕಡಿಮೆ ಹೇಳ್ತಾರೆ. 650ರ ಮಾತ್ರೆ ದಿನಕ್ಕೆ 4 ಅಂದ್ರೆ 2600. ಅದರ ಜೊತೆ ಟ್ರಮಡಾಲ್ ಸೇರಿದ ಮಾತ್ರೆ ಬರೆದಿದ್ರೆ ಅದರೊಳಗೂ ಹೆಚ್ಚಾಗಿ 325 ಮಿ.ಗ್ರಾಂ. ಪ್ಯಾರಾಸಿಟಮಾಲ್ ಇರುತ್ತೆ, 3 ಮಾತ್ರೆಗೆ 975. ಅಲ್ಲಿಗೆ 3575. ಮಧ್ಯೆ ನೆಗಡಿ ಅಂತ ಮೆಡಿಕಲ್ ಶಾಪಿನಿಂದ 500 ಇರುವ ಶೀತದ ಮಾತ್ರೆ ಎರಡು ತಂದರೆ 4575. ಯಾರೂ ‘ಓವರ್‌ಡೋಸ್’ ಕೊಡಲಿಲ್ಲ, ಆದರೂ ಗೆರೆ ದಾಟಿತು. ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿ.

ಟ್ರಮಡಾಲ್‌ನಂಥ ಗಟ್ಟಿ ಮಾತ್ರೆ ಕೆಲವು ದಿನಕ್ಕೆ ಮಾತ್ರ. ನರದ ನೋವಿಗೆ ಮೊದಲಿಂದ ತಗೊಳ್ತಿರೋ ಪ್ರೆಗಾಬಲಿನ್, ಗಾಬಾಪೆಂಟಿನ್ ಜೊತೆ ಅದು ಸೇರಿದ್ರೆ ಮಂಪರು ಜಾಸ್ತಿ, ಉಸಿರಾಟ ನಿಧಾನ ಆಗೋ ಅಪಾಯ ಇದೆ. ಹಾಗಂತ ಹಳೇ ಮಾತ್ರೆಯನ್ನ ಥಟ್ ಅಂತ ನಿಲ್ಲಿಸಲೂಬಾರದು. ಏನೇನು ತಗೊಳ್ತಿದ್ದಾರೆ ಅನ್ನೋ ಪೂರ್ತಿ ಪಟ್ಟಿ ಡಿಸ್ಚಾರ್ಜ್‌ಗೆ ಮುಂಚೆಯೇ ವೈದ್ಯರ ಮುಂದೆ ಇಡಿ. ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಪರು ಇದ್ದರೆ ಅದು ‘ಚೆನ್ನಾಗಿ ನಿದ್ದೆ ಬಂದಿದೆ’ ಅಲ್ಲ, ಆಸ್ಪತ್ರೆಗೆ ಹೋಗಬೇಕಾದ ವಿಷಯ. ಮದ್ಯ ಪೂರ್ತಿ ಬಂದ್. ಈ ಮಾತ್ರೆಗಳಿಂದ ಮಲಬದ್ಧತೆ ಆಗುತ್ತೆ, ಮುಕ್ಕಿದರೆ ಬೆನ್ನು ನೋಯುತ್ತೆ. ನೀರು, ಸೊಪ್ಪು, ಪರಂಗಿ ಹಣ್ಣು, ಸಾಲದಿದ್ರೆ ವೈದ್ಯರು ಹೇಳಿದ ಔಷಧಿ. ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಮತ್ತು ರಕ್ತ ತೆಳುವಾಗಿಸುವ ಮಾತ್ರೆ ಬಗ್ಗೆ ಸರ್ಜನ್‌ರನ್ನೇ ಕೇಳಬೇಕು. ಲೀಡ್ ಇರುವ ಜಾಗದಲ್ಲಿ ರಕ್ತ ಒಸರಿದರೆ ಬೆನ್ನುಹುರಿ ಅದುಮಿಹೋಗುತ್ತದೆ.

ಐಸ್ ಪ್ಯಾಕ್ ಇಡಬಹುದು, ವೈದ್ಯರು ಬೇಡ ಅನ್ನದಿದ್ದರೆ. ಬಟ್ಟೆ ಸುತ್ತಿ, 15-20 ನಿಮಿಷ, ಪಟ್ಟಿ ಒದ್ದೆ ಆಗದ ಹಾಗೆ. ನಮ್ಮ ಮನೆಗಳಲ್ಲಿ ಬೆನ್ನುನೋವು ಅಂದ ಕೂಡಲೇ ಬಿಸಿನೀರಿನ ಬ್ಯಾಗ್, ಎಣ್ಣೆ ನೀವೋದು ಎರಡೂ ಹೊರಗೆ ಬರ್ತವೆ. ಗಾಯದ ಮೇಲೆ, ಪೆಟ್ಟಿಗೆ ಮೇಲೆ ಎರಡೂ ಬೇಡ.

ಇದಕ್ಕಿಂತ ದೊಡ್ಡ ಎಚ್ಚರಿಕೆ ಡಯಾಥರ್ಮಿ. ನಮ್ಮ ಊರುಗಳ ಫಿಸಿಯೋಥೆರಪಿ ಸೆಂಟರ್‌ಗಳಲ್ಲಿ ‘ಕರೆಂಟ್ ಶಾಖ’ ಅಂತ ಬೆನ್ನಿಗೆ ಕೊಡ್ತಾರಲ್ಲ, ಅದರಲ್ಲಿ ಒಂದು ಬಗೆ ಶಾರ್ಟ್‌ವೇವ್ ಡಯಾಥರ್ಮಿ. ಒಳಗಿನ ಲೀಡ್ ಅದರ ಶಕ್ತಿಯನ್ನು ಆಂಟೆನಾ ಥರ ಹಿಡಿದು ಕಾಂಟ್ಯಾಕ್ಟ್‌ಗಳ ತುದಿಯಲ್ಲಿ ಬಿಸಿಯಾಗಿ ಬಿಡುತ್ತೆ. ಆ ತುದಿ ಇರೋದು ಬೆನ್ನುಹುರಿ ಪಕ್ಕ. ಸ್ಟಿಮ್ಯುಲೇಟರ್ ಆಫ್ ಮಾಡಿದ್ರೂ ಇದೇ ಅಪಾಯ, ತಂತಿ ತಂತಿಯೇ ತಾನೆ. ಒಂದು ವಾರ ಅಲ್ಲ, ಇಂಪ್ಲಾಂಟ್ ಒಳಗಿರುವವರೆಗೂ ಇದು ನಿಷಿದ್ಧ. ಎಂಆರ್‌ಐ ಮಾಡಿಸುವ ಮುಂಚೆಯೂ ಇಂಪ್ಲಾಂಟ್ ಕಾರ್ಡ್ ತೋರಿಸಲೇಬೇಕು.

ಇನ್ನು ಲೀಡ್ ಜರುಗೋ ವಿಷಯ. ಸುತ್ತ ಗಾಯದ ಅಂಗಾಂಶ ಬೆಳೆದು ಅದನ್ನ ಹಿಡಿದುಕೊಳ್ಳೋಕೆ ವಾರಗಳು ಬೇಕು. ಅದಕ್ಕೇ 6-8 ವಾರ ಬಾಗಬಾರದು, ಭಾರ ಎತ್ತಬಾರದು, ಸೊಂಟ ತಿರುಚಬಾರದು, ಕೈ ತಲೆಯ ಮೇಲೆ ಎತ್ತಬಾರದು ಅಂತ ಹೇಳೋದು. ಭಾರದ ಮಿತಿ ಸಾಮಾನ್ಯವಾಗಿ ಎರಡು-ಎರಡೂವರೆ ಕೆ.ಜಿ. 3 ಮಿ.ಮೀ. ಕಾಂಟ್ಯಾಕ್ಟ್‌ಗೆ ಕೆಲವು ಮಿ.ಮೀ. ಜರುಗಿದರೂ ಪಲ್ಸ್ ಬೇರೆ ನರಕ್ಕೆ ಹೋಗುತ್ತೆ. ಸ್ವಲ್ಪ ಜರುಗಿದ್ರೆ ಪಕ್ಕದ ಕಾಂಟ್ಯಾಕ್ಟ್‌ಗೆ ಪ್ರೋಗ್ರಾಂ ಬದಲಾಯಿಸಿ ಸರಿಪಡಿಸಬಹುದು, ಜಾಸ್ತಿ ಆದ್ರೆ ಮತ್ತೆ ಆಪರೇಷನ್.

ಈ ನಿಯಮ ನಮ್ಮ ಮನೆಗಳಿಗೆ ಹೊಂದಿಸೋಕೆ ತಲೆ ಓಡಿಸಬೇಕು. ನೆಲದ ಮೇಲಿನ ಹಾಸಿಗೆ ಬೇಡ, ಎತ್ತರದ ಮಂಚ ಬೇಕು. ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಇದ್ದರೆ ಕಮೋಡ್ ಕುರ್ಚಿ ಬಾಡಿಗೆಗೆ ಸಿಗುತ್ತೆ. ಬಕೆಟ್ ನೆಲದ ಮೇಲಿದ್ದರೆ ಪ್ರತಿ ಚೊಂಬಿಗೂ ಬಾಗಬೇಕು, ಅದನ್ನ ಸ್ಟೂಲ್ ಮೇಲಿಡಿ. ಅದೂ ಸ್ನಾನಕ್ಕೆ ಒಪ್ಪಿಗೆ ಸಿಕ್ಕ ಮೇಲೆ, ಅಲ್ಲಿವರೆಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸೋದು. ತಲೆ ಮೇಲಿಂದ ಹಾಕೋ ಬನಿಯನ್ ಬದಲು ಗುಂಡಿ ಇರೋ ಅಂಗಿ. ಹಾಸಿಗೆಯಿಂದ ಏಳುವಾಗ ದಿಮ್ಮಿ ಉರುಳಿದ ಹಾಗೆ ಇಡೀ ಮೈ ಒಟ್ಟಿಗೆ ಮಗ್ಗುಲಾಗಿ, ಕಾಲು ಕೆಳಗೆ ಬಿಟ್ಟು, ಕೈ ಊರಿ ಏಳಬೇಕು. ಹಾಗಂತ ಮಲಗೇ ಇರೋದೂ ತಪ್ಪು. ಮನೆಯೊಳಗೇ ಸ್ವಲ್ಪ ಸ್ವಲ್ಪ, ದಿನಕ್ಕೆ ಹಲವು ಸಲ ನಡೆಯಲಿ.

ಯಂತ್ರ ಆನ್ ಆದಮೇಲೆ ಒಂದು ವಿಚಿತ್ರ ಗಮನಕ್ಕೆ ಬರುತ್ತೆ. ಕೂತಾಗ ಹಿತವಾಗಿದ್ದ ಜುಮ್ಮು ಅಂಗಾತ ಮಲಗಿದ ಕೂಡಲೇ ಜೋರಾಗುತ್ತೆ. ಹೆದರಬೇಡಿ. ಬೆನ್ನುಹುರಿ ದ್ರವದಲ್ಲಿ ತೇಲ್ತಾ ಇರುತ್ತೆ, ಅಂಗಾತ ಮಲಗಿದಾಗ ಭಾರಕ್ಕೆ ಬೆನ್ನಿನ ಕಡೆ, ಅಂದರೆ ಲೀಡ್ ಕಡೆ ಸರಿಯುತ್ತೆ. ದೂರ ಕಡಿಮೆ, ಅದೇ ಆಂಪ್ಲಿಟ್ಯೂಡ್‌ಗೆ ಪರಿಣಾಮ ಜಾಸ್ತಿ. ಮಲಗೋ ಮುಂಚೆ ರಿಮೋಟ್‌ನಲ್ಲಿ ಇಳಿಸಿದರಾಯ್ತು.

ಕೆಲವನ್ನು ಮಾತ್ರ ಬೆಳಗಾಗಲಿ ಅಂತ ಕಾಯಿಸಬಾರದು. ಕಾಲಲ್ಲಿ ಹೊಸದಾಗಿ ಬಲ ಇಲ್ಲದಿರುವುದು, ತೊಡೆಸಂದು ಮರಗಟ್ಟುವುದು, ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಮಾತ್ರೆ ಕೊಟ್ಟರೂ ಗಂಟೆಗಂಟೆಗೆ ಏರುವ ಬೆನ್ನುನೋವು: ಒಳಗೆ ರಕ್ತ ಹೆಪ್ಪುಗಟ್ಟಿ ಬೆನ್ನುಹುರಿ ಒತ್ತುತ್ತಿರಬಹುದು, ಕೆಲವು ಗಂಟೆಗಳಲ್ಲಿ ಆಪರೇಷನ್ ಆಗಬೇಕಾಗುತ್ತೆ. 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಹೊರಡಿ. ಉಸಿರು ಕಟ್ಟಿದ್ರೂ, ಎದೆ ನೋವಾದ್ರೂ ಹಾಗೇ. ಜ್ವರ, ಗಾಯದ ಸುತ್ತ ಹಬ್ಬುವ ಕೆಂಪು, ಕೀವು, ತಿಳಿನೀರು ಸೋರುವುದು, ಎದ್ದು ಕೂತರೆ ಸಿಡಿದು ಮಲಗಿದರೆ ಇಳಿಯುವ ತಲೆನೋವು, ಇವಕ್ಕೆ ಅದೇ ದಿನ ಫೋನ್ ಮಾಡಬೇಕು.

ಕೊನೆಗೆ ನಮಗೆ ಚೆನ್ನಾಗಿ ಬರುವ ಕೆಲಸ, ರೀಡಿಂಗ್ಸ್ ಬರೆಯೋದು. ಹೊತ್ತು, ನೋವು 0ಯಿಂದ 10ರಲ್ಲಿ ಎಷ್ಟು, ಗಾಯದ್ದಾ ಕಾಲಿನದ್ದಾ, ಯಾವ ಮಾತ್ರೆ, ಎಷ್ಟು ನಡೆದರು. ಎರಡು ನೋವನ್ನ ಬೇರೆ ಬೇರೆ ಕಾಲಂನಲ್ಲಿ ಬರೆಯೋದು ಮುಖ್ಯ. ಪ್ರೋಗ್ರಾಮಿಂಗ್‌ಗೆ ಹೋದಾಗ ‘ಹೇಗಿದೆ?’ ಅಂದ್ರೆ ‘ಪರವಾಗಿಲ್ಲ’ ಅನ್ನೋ ಅಪ್ಪಂದಿರಿಂದ ಯಾವ ಪ್ಯಾರಾಮೀಟರ್ ಬದಲಾಯಿಸಬೇಕು ಅಂತ ಗೊತ್ತಾಗಲ್ಲ. ನಮ್ಮ ಗೆಳೆಯ ಅದಕ್ಕೆ ಲ್ಯಾಪ್‌ಟಾಪ್‌ನಲ್ಲಿ ಶೀಟ್ ಮಾಡಿಕೊಟ್ಟಿದ್ದ. ಅವರಪ್ಪ ಗೋಡೆ ಕ್ಯಾಲೆಂಡರ್‌ನ ಮನೆಗಳಲ್ಲೇ ಪೆನ್ಸಿಲಲ್ಲಿ ಬರೆದರು, ‘ಗಾ 7 ಕಾ 4’ ಅಂತ. ಹತ್ತನೇ ದಿನ ಆ ಕ್ಯಾಲೆಂಡರ್‌ನ ಸುರುಳಿ ಸುತ್ತಿಕೊಂಡು ಆಸ್ಪತ್ರೆಗೆ ಹೋದ್ರು. ಪ್ರೋಗ್ರಾಂ ಮಾಡೋರಿಗೆ ಅದು ಸಾಕಾಯ್ತು.