ಮೋಟಾರು ಗಾಡಿಯ ಚಾವಣಿ ಗಾಜು ಮತ್ತು ಅದನ್ನು ಕೂರಿಸುವವರ ಆರೋಗ್ಯ

ಹೈದರಾಬಾದಿನ ರಸ್ತೆಗಳಲ್ಲಿ ಈಗ ನೆತ್ತಿಯ ಮೇಲೆ ಗಾಜನ್ನು ಹೊತ್ತ ಕಾರುಗಳು ಸಾಮಾನ್ಯ ದೃಶ್ಯವಾಗಿವೆ. ಹಿಂದೆ ಶ್ರೀಮಂತರ ವಿದೇಶೀ ವಾಹನಗಳಲ್ಲಿ ಮಾತ್ರ ಕಾಣಬರುತ್ತಿದ್ದ ಸನ್‌ರೂಫ್ ಇಂದು ಮಧ್ಯಮ ವರ್ಗದ ಗೃಹಸ್ಥನೂ ಕೇಳಿ ಪಡೆಯುವ ಸೌಕರ್ಯವಾಗಿದೆ. ಬೇಸಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ಈ ದಖನ್ನಿನ ಊರಿನಲ್ಲಿ, ಬಿಸಿಲನ್ನು ತಡೆಯಲೆಂದೇ ಇರುವ ಚಾವಣಿಯನ್ನು ಕತ್ತರಿಸಿ ಗಾಜು ಹಾಕಿಸಿಕೊಂಡು, ಆ ಗಾಜಿನ ಕೆಳಗೆ ಮತ್ತೆ ಪರದೆ ಎಳೆದುಕೊಳ್ಳುವುದು ಒಂದು ವಿನೋದವೇ ಸರಿ. ಆದರೆ ಈ ಲೇಖನವನ್ನು ಬರೆಯಹೊರಟಿರುವುದು ಸೌಕರ್ಯವನ್ನು ಅನುಭವಿಸುವವರನ್ನು ಕುರಿತಲ್ಲ, ಆ ಗಾಜನ್ನು ಗಾಡಿಯ ಒಡಲಿಗೆ ಕೂರಿಸುವವರನ್ನು ಕುರಿತು. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದು ರಾಜ್ಯದ ಜಿಲ್ಲೆಗಳೇ ಆಗಿದ್ದವು. ಅಲ್ಲಿಂದ ಕೆಲಸ ಅರಸಿ ಈ ನಗರಕ್ಕೆ ಬರುವ ನಮ್ಮ ಹುಡುಗರಲ್ಲಿ ಗ್ಯಾರೇಜುಗಳನ್ನು ಸೇರುವವರೂ ಉಂಟು. ಅವರ ಮನೆಯವರು ಈ ವಿಷಯವನ್ನು ತಿಳಿದಿರುವುದು ಒಳ್ಳೆಯದು.

ಒಂದು ಕಾಲದಲ್ಲಿ ಗಾಜು ಕೂರಿಸುವುದೆಂದರೆ ರಬ್ಬರಿನ ಕೆಲಸ. ಅಂಬಾಸಿಡರ್ ಕಾರಿನ ಮುಂಗಾಜನ್ನು ನೆನಪಿಸಿಕೊಳ್ಳಿ. ಗಾಜಿನ ಸುತ್ತ ರಬ್ಬರ್ ಬೀಡಿಂಗನ್ನು ತೊಡಿಸಿ, ಅದರ ಸಂದಿನಲ್ಲಿ ಒಂದು ಹುರಿಯನ್ನು ಸುತ್ತಿ, ಹೊರಗಿನಿಂದ ಒಬ್ಬನು ಗಾಜನ್ನು ಒತ್ತುತ್ತಿರಲು ಒಳಗಿನಿಂದ ಮತ್ತೊಬ್ಬನು ಹುರಿಯನ್ನು ಎಳೆಯುತ್ತ ಬಂದರೆ, ರಬ್ಬರಿನ ಅಂಚು ತಗಡಿನ ಮೇಲೆ ಕಚ್ಚಿಕೊಳ್ಳುತ್ತಿತ್ತು. ಅದರಲ್ಲಿ ರಸಾಯನವಿರಲಿಲ್ಲ, ಬೇಕಾದುದು ಸೋಪಿನ ನೀರು ಮತ್ತು ತೋಳಿನ ಬಲ. 1942ರಲ್ಲಿ ಸ್ಥಾಪಿತವಾಗಿ ಬಸ್ಸುಗಳ ಒಡಲು ಕಟ್ಟುವುದಕ್ಕೆ ಹೆಸರಾದ ಹೈದರಾಬಾದಿನ ಆಲ್ವಿನ್ ಕಾರ್ಖಾನೆಯ ಉಚ್ಛ್ರಾಯ ಕಾಲವು ಇಂಥ ರಬ್ಬರಿನ ಕಾಲವೇ ಆಗಿತ್ತು. ಅನಂತರ ಬಂದ ಕಾರುಗಳಲ್ಲಿ ಗಾಜು ಬರಿಯ ಕಿಟಕಿಯಾಗಿ ಉಳಿಯದೆ ಗಾಡಿಯ ಒಡಲಿನ ಭಾಗವೇ ಆಯಿತು. ರಬ್ಬರಿನ ಜಾಗವನ್ನು ಅಂಟು ಆಕ್ರಮಿಸಿತು.

ಈಗ ಹೈದರಾಬಾದಿನಲ್ಲಿ ಓಡಾಡುವ ಇಂಥ ಕಾರುಗಳಲ್ಲಿ ಹಲವು ಕನ್ನಡ ನಾಡಿನಲ್ಲಿ ಅಥವಾ ಅದರ ಅಂಚಿನಲ್ಲಿ ಹುಟ್ಟಿದವು. ರಾಮನಗರದ ಬಳಿಯ ಬಿಡದಿಯಲ್ಲಿರುವ ಟೊಯೊಟ ಕಾರ್ಖಾನೆಯಿಂದ 2022ರಲ್ಲಿ ಹೊರಬಂದ ಹೈರೈಡರ್ ಕಾರಿಗೆ ಅಗಲವಾದ ಗಾಜಿನ ಚಾವಣಿಯುಂಟು. 2019ರಲ್ಲಿ ತಯಾರಿಕೆ ಆರಂಭಿಸಿದ ಕಿಯಾ ಕಾರ್ಖಾನೆ ಇರುವುದು ಪೆನುಕೊಂಡದ ಹತ್ತಿರ. 1565ರ ಯುದ್ಧದ ಅನಂತರ ವಿಜಯನಗರದ ಅರಸರು ತಮ್ಮ ರಾಜಧಾನಿಯನ್ನು ಸಾಗಿಸಿದ ಊರು ಅದೇ. ಕನ್ನಡ ಮಾತಾಡುವ ಮಡಕಶಿರಾ ಪ್ರದೇಶ ಅಲ್ಲಿಗೆ ದೂರವಿಲ್ಲ.

ಇಂಥ ದೊಡ್ಡ ಕಾರ್ಖಾನೆಗಳಲ್ಲಿ ಕೆಲಸ ನಡೆಯುವ ಕ್ರಮವನ್ನು ಸ್ಥೂಲವಾಗಿ ಹೇಳಬಹುದು. ಚಾವಣಿಯ ತಗಡನ್ನು ಅಚ್ಚಿನಲ್ಲಿ ಒತ್ತುವಾಗಲೇ ನಡುವೆ ತೆರಪು ಬಿಡುತ್ತಾರೆ. ತೆರಪು ಬಿಟ್ಟ ತಗಡು ದುರ್ಬಲವಾಗುವುದರಿಂದ ಅದರ ಸುತ್ತ ಒಳಗಡೆ ಗಟ್ಟಿಯಾದ ಉಕ್ಕಿನ ಚೌಕಟ್ಟನ್ನು ಬೆಸೆಯುತ್ತಾರೆ. ಬಣ್ಣದ ಒಲೆಯಿಂದ ಹೊರಬಂದ ಒಡಲು ಜೋಡಣೆಯ ಸಾಲಿಗೆ ಬಂದಾಗ, ಹಳಿ, ಮೋಟಾರು, ಪರದೆಗಳು ಸೇರಿದ ಸನ್‌ರೂಫಿನ ಜೋಡಣೆಯನ್ನು ಇನ್ನೂ ಗಾಜು ಹಾಕದ ಮುಂಭಾಗದ ತೆರಪಿನಿಂದ ಒಳಕ್ಕೆ ತೂರಿಸಿ ಕೆಳಗಿನಿಂದ ಬೋಲ್ಟುಗಳಿಂದ ಬಿಗಿಯುವುದುಂಟು; ಕೆಲವು ಮಾದರಿಗಳಲ್ಲಿ ಮೇಲಿನಿಂದ ಇಳಿಸುವುದುಂಟು. ಜರುಗುವ ಗಾಜನ್ನು ಹಳಿಗಳಿಗೆ ತಿರುಪಿನಿಂದ ಬಿಗಿಯುತ್ತಾರೆ. ಅಗಲವಾದ ಚಾವಣಿಯಲ್ಲಿ ಅಲುಗಾಡದೆ ಇರುವ ಗಾಜನ್ನು ಮಾತ್ರ ಅಂಟಿನಿಂದಲೇ ಹಿಡಿಸಬೇಕು.

ಅಂಟಿಸುವುದು ಸುಲಭದ ಮಾತಲ್ಲ. ಗಾಜಿನ ಅಂಚಿನಲ್ಲಿ ಕಾಣುವ ಕಪ್ಪು ಪಟ್ಟಿಯನ್ನು ಎಲ್ಲರೂ ಅಲಂಕಾರವೆಂದು ತಿಳಿಯುತ್ತಾರೆ. ಅದು ಕಾಯಿಸಿ ಹಿಡಿಸಿದ ಪಿಂಗಾಣಿಯ ಲೇಪ. ಬಿಸಿಲಿನ ನೇರಳಾತೀತ ಕಿರಣಗಳು ಕೆಳಗಿನ ಅಂಟನ್ನು ಕೊಳೆಯಿಸದಂತೆ ಕಾಯುವುದು ಅದರ ಕೆಲಸ. ಆ ಪಟ್ಟಿಯನ್ನು ಆಲ್ಕೊಹಾಲ್ ಬೆರೆತ ದ್ರವದಿಂದ ಒರಸಿ, ಪ್ರೈಮರ್ ಹಚ್ಚಿ, ಅದು ಆರಿದ ಮೇಲೆ ಪಾಲಿಯುರಿಥೇನ್ ಅಂಟನ್ನು ತ್ರಿಕೋನಾಕಾರದ ಎಡೆಬಿಡದ ಗೆರೆಯಾಗಿ ಸುರಿಯಬೇಕು. ಕಾರ್ಖಾನೆಯಲ್ಲಿ ಇದನ್ನು ಯಂತ್ರದ ತೋಳು ಮಾಡುತ್ತದೆ. ಗ್ಯಾರೇಜಿನಲ್ಲಿ ಮನುಷ್ಯನ ಕೈ. ಅಂಟಿನ ಮೇಲೆ ಕೆನೆಗಟ್ಟುವುದಕ್ಕೆ ಮೊದಲು, ಅಂದರೆ ಕೆಲವೇ ನಿಮಿಷಗಳಲ್ಲಿ, ಗಾಜನ್ನು ಹೀರುಬಟ್ಟಲುಗಳಿಂದ ಎತ್ತಿ ಒಂದೇ ಸಲಕ್ಕೆ ಸರಿಯಾದ ಜಾಗದಲ್ಲಿ ಇಳಿಸಬೇಕು. ಕೊನೆಗೆ ಮಳೆಯಂತೆ ನೀರು ಸುರಿಯುವ ಕೋಣೆಯೊಳಗೆ ಗಾಡಿಯನ್ನು ಹಾಯಿಸಿ ಸೋರಿಕೆಯನ್ನು ಪರೀಕ್ಷಿಸುತ್ತಾರೆ.

ಈ ಅಂಟಿಗೆ ಒಂದು ವಿಶೇಷ ಗುಣವಿದೆ. ಸಾಮಾನ್ಯ ಅಂಟುಗಳು ಒಣಗಿ ಗಟ್ಟಿಯಾಗುತ್ತವೆ. ಇದು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಅದೂ ಹೊರಗಿನಿಂದ ಒಳಕ್ಕೆ, ನಿಧಾನವಾಗಿ: 23 ಡಿಗ್ರಿ ಉಷ್ಣತೆ ಮತ್ತು ಶೇಕಡ 50ರಷ್ಟು ತೇವಾಂಶವಿದ್ದರೆ ದಿನವೊಂದಕ್ಕೆ ಸುಮಾರು 3ರಿಂದ 4 ಮಿಲಿಮೀಟರ್ ಆಳದವರೆಗೆ. ಮಳೆಗಾಲದ ತೇವದಲ್ಲಿ ಬೇಗ ಹಿಡಿಯುವ ಅಂಟು ನಮ್ಮ ಒಣ ಬೇಸಗೆಯಲ್ಲಿ, ಎಷ್ಟೇ ಸೆಕೆಯಿದ್ದರೂ, ಒಳಗೆ ಮೆತ್ತಗೆ ಉಳಿಯಬಹುದು. ಆದುದರಿಂದ ಒಡೆದ ಚಾವಣಿ ಗಾಜನ್ನು ಬದಲಾಯಿಸಿಕೊಂಡವರು ಅಂಟಿನ ಕೊಳವೆಯ ಮೇಲೆ ಮುದ್ರಿಸಿದ ಕಾಯುವ ಅವಧಿಯನ್ನು ಕೇಳಿ ತಿಳಿದು, ಅಷ್ಟು ಹೊತ್ತು ಗಾಡಿಯನ್ನು ನಿಲ್ಲಿಸಿಯೇ ಇರಬೇಕು. ಅಂಟಿನ ಜಾತಿಯನ್ನು ಅನುಸರಿಸಿ ಅದು ಅರ್ಧ ಗಂಟೆಯೂ ಆಗಬಹುದು, ಹಲವು ಗಂಟೆಗಳೂ ಆಗಬಹುದು. ಗಿರಾಕಿಯ ಅವಸರಕ್ಕೆ ಅಂಟು ಬಗ್ಗುವುದಿಲ್ಲ.

ಇನ್ನು ಆರೋಗ್ಯದ ವಿಚಾರ. ಪಾಲಿಯುರಿಥೇನ್ ಅಂಟಿನಲ್ಲಿಯೂ ಅದರ ಹಲವು ಪ್ರೈಮರುಗಳಲ್ಲಿಯೂ ಐಸೊಸಯನೇಟ್ ಎಂಬ ವರ್ಗದ ರಾಸಾಯನಿಕಗಳಿವೆ. ಆ ಹೆಸರನ್ನು ಕೇಳಿದೊಡನೆ 1984ರ ಡಿಸೆಂಬರ್ 2 ಮತ್ತು 3ರ ನಡುವಿನ ಭೋಪಾಲದ ರಾತ್ರಿ ನೆನಪಾಗುವುದು ಸಹಜ. ಅಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಇದೇ ಕುಲಕ್ಕೆ ಸೇರಿದ್ದು. ಆದರೆ ಅದು ಕ್ಷಣಮಾತ್ರದಲ್ಲಿ ಆವಿಯಾಗುವ ದ್ರವ. ಗಾಜಿನ ಅಂಟಿನಲ್ಲಿರುವ ಎಂ.ಡಿ.ಐ. ಎಂಬುದು ಭಾರವಾದ ಅಣು. ಸಾಧಾರಣ ಉಷ್ಣತೆಯಲ್ಲಿ ಅತ್ಯಲ್ಪವಾಗಿ ಮಾತ್ರ ಆವಿಯಾಗುತ್ತದೆ. ಆದಕಾರಣ ತಣ್ಣನೆಯ ಅಂಟನ್ನು ಗಾಳಿಯಾಡುವ ಜಾಗದಲ್ಲಿ ಬಳಿಯುವುದರಿಂದ ಗಾಬರಿಪಡಬೇಕಾದುದಿಲ್ಲ. ಅಪಾಯವಿರುವುದು ಅಂಟನ್ನು ಕಾಯಿಸಿದಾಗ, ಹಳೆಯ ಅಂಟನ್ನು ಬಿಸಿಯಾದ ಅಲಗಿನಿಂದ ಕೊಯ್ದಾಗ ಅಥವಾ ಸಾಣೆಯ ಯಂತ್ರದಿಂದ ಉಜ್ಜಿದಾಗ, ಮತ್ತು ಬಾಗಿಲು ಮುಚ್ಚಿದ ಷೆಡ್ಡಿನಲ್ಲಿ ಪ್ರೈಮರ್ ಹಚ್ಚಿದಾಗ. ಪಕ್ಕದಲ್ಲಿಯೇ ಬಣ್ಣ ಸಿಂಪಡಿಸುತ್ತಿದ್ದರಂತೂ ಅಪಾಯ ಬಹಳ ಹೆಚ್ಚು, ಏಕೆಂದರೆ ಗಾಡಿಗಳಿಗೆ ಹೊಡೆಯುವ ಎರಡು ಡಬ್ಬಿಯ ಬಣ್ಣಗಳ ಗಟ್ಟಿಕಾರಕದಲ್ಲಿಯೂ ಐಸೊಸಯನೇಟ್ ಇರುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಇವೆಲ್ಲವೂ ಒಂದೇ ಮಾಡಿನ ಕೆಳಗೆ ನಡೆಯುತ್ತವೆ.

ಈ ವಸ್ತು ಮಾಡುವ ಕೇಡು ವಿಚಿತ್ರವಾದುದು. ವಾರಗಳ, ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಕಾಲ ಏನೂ ಆಗುವುದಿಲ್ಲ. ಆಮೇಲೆ ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಒಮ್ಮೆ ಹಾಗಾದ ಮೇಲೆ, ಇತರರ ಗಮನಕ್ಕೂ ಬಾರದಷ್ಟು ಅಲ್ಪ ಪ್ರಮಾಣವೂ ಉಬ್ಬಸವನ್ನು ಎಬ್ಬಿಸಬಲ್ಲುದು. ಮೂಗು ಸೋರುವುದು, ಒಣ ಕೆಮ್ಮು, ಎದೆ ಬಿಗಿದಂತಾಗುವುದು, ಉಸಿರಾಡುವಾಗ ಸಿಳ್ಳೆಯ ಸದ್ದು ಇದರ ಲಕ್ಷಣಗಳು. ಕೆಲಸ ಮಾಡುತ್ತಿರುವಾಗಲೇ ಇವು ಕಾಣಿಸಿಕೊಳ್ಳಬೇಕೆಂದಿಲ್ಲ; ಸಂಜೆ ಮನೆಗೆ ಬಂದ ಮೇಲೆ ಅಥವಾ ನಡುರಾತ್ರಿಯಲ್ಲಿ ತೋರುವುದೇ ಹೆಚ್ಚು. ಹೀಗಾಗಿ ಮನೆಯವರು ಊರಿನ ಧೂಳನ್ನೂ ಚಳಿಯನ್ನೂ ಬೀಡಿಯನ್ನೂ ದೂರುತ್ತಾರೆ, ಗ್ಯಾರೇಜನ್ನಲ್ಲ. ಗುರುತಿಸಲು ಒಂದೇ ಸುಳುವಾದ ಸೂತ್ರವುಂಟು: ಜಾತ್ರೆಗೋ ಹಬ್ಬಕ್ಕೋ ಊರಿಗೆ ಹೋಗಿ ಹತ್ತು ದಿನ ಇದ್ದಾಗ ಕೆಮ್ಮು ಇಳಿದು, ಕೆಲಸಕ್ಕೆ ಮರಳಿದ ಕೆಲವು ದಿನಗಳಲ್ಲಿ ಮತ್ತೆ ಏರಿದರೆ, ಅದು ಉದ್ಯೋಗದಿಂದ ಬಂದ ಉಬ್ಬಸವಿರಬಹುದೆಂದು ಸಂಶಯಿಸಬೇಕು.

ಇದನ್ನು ಬೇಗ ಗುರುತಿಸುವುದರಲ್ಲಿ ಬಹಳ ವ್ಯತ್ಯಾಸವಿದೆ. ಲಕ್ಷಣಗಳು ಕಾಣಿಸಿಕೊಂಡ ಆರಂಭದಲ್ಲಿಯೇ ಆ ರಾಸಾಯನಿಕದಿಂದ ದೂರ ಸರಿದವರಲ್ಲಿ ಹಲವರು ಚೇತರಿಸಿಕೊಳ್ಳುತ್ತಾರೆ. ಔಷಧ ಹೀರಿಕೊಳ್ಳುತ್ತ ಅದೇ ಕೆಲಸದಲ್ಲಿ ಮುಂದುವರಿದವರಿಗೆ ರೋಗ ಸ್ಥಿರವಾಗಿ ನೆಲೆಸುವ ಸಂಭವ ಹೆಚ್ಚು. ಆಮೇಲೆ ಕೆಲಸ ಬಿಟ್ಟರೂ ಉಬ್ಬಸ ಬಿಡದು. ದುಡಿಮೆಯ ವಯಸ್ಸಿನ ಹುಡುಗನಿಗೆ ಇದು ಸಣ್ಣ ಮಾತಲ್ಲ. ಐಸೊಸಯನೇಟ್ ವಿಷಬಾಧೆಯು 1948ರ ಕಾರ್ಖಾನೆಗಳ ಕಾಯಿದೆಯ ಅನುಸೂಚಿಯಲ್ಲಿ, ಸರ್ಕಾರಕ್ಕೆ ವರದಿಮಾಡಲೇಬೇಕಾದ ರೋಗಗಳ ಸಾಲಿಗೆ ಸೇರಿತ್ತು. ಆದರೆ ಅನುಸೂಚಿಯ ಬೆಳಕು ನಾಲ್ಕೈದು ಜನರ ಗ್ಯಾರೇಜಿನವರೆಗೆ ಬೀಳುವುದು ಅಪರೂಪ.

ರಕ್ಷಣೆಯ ಉಪಾಯಗಳು ದುಬಾರಿಯೇನಲ್ಲ. ಮೂಗಿಗೆ ಕಟ್ಟಿಕೊಂಡ ಕರವಸ್ತ್ರವಾಗಲಿ, ಸಾಧಾರಣ ಧೂಳಿನ ಮುಖವಾಡವಾಗಲಿ ಆವಿಯನ್ನು ತಡೆಯಲಾರದು; ಸಾವಯವ ಆವಿಗಳನ್ನು ಹೀರುವ ಕಾರ್ಟ್ರಿಜ್ ಇರುವ ಮುಖವಾಡವೇ ಬೇಕು, ಮತ್ತು ಆ ಕಾರ್ಟ್ರಿಜ್ಜನ್ನು ಕಾಲಕಾಲಕ್ಕೆ ಬದಲಿಸಬೇಕು. ಹಳೆಯ ಅಂಟನ್ನು ಬಿಸಿಯಿಂದಲ್ಲದೆ ತಂತಿಯಿಂದ ಅಥವಾ ತಣ್ಣನೆಯ ಅಲಗಿನಿಂದ ಕೊಯ್ಯಬೇಕು. ಗಾಡಿಯನ್ನು ಅಂಗಳಕ್ಕೆ ತಂದು ನೆರಳಿನಲ್ಲಿ ಕೆಲಸ ಮಾಡುವುದೇ ಒಂದು ಚಿಕಿತ್ಸೆ. ಚರ್ಮಕ್ಕೆ ಅಂಟು ತಾಗುವುದರಿಂದಲೂ ದೇಹ ಎಚ್ಚೆತ್ತುಕೊಳ್ಳಬಹುದೆಂದು ಸಂಶೋಧನೆಗಳು ಸೂಚಿಸಿವೆಯಾಗಿ ನೈಟ್ರೈಲ್ ಕೈಗವಸು ಅವಶ್ಯ. ಅಂಟಾದ ಕೈಯನ್ನು ಥಿನ್ನರಿನಿಂದ ತೊಳೆಯುವ ರೂಢಿಯನ್ನಂತೂ ನಿಲ್ಲಿಸಲೇಬೇಕು. ಅದು ಚರ್ಮದ ಜಿಡ್ಡನ್ನೆಲ್ಲ ತೆಗೆದು ವಿಷಕ್ಕೆ ಬಾಗಿಲು ತೆರೆಯುತ್ತದೆ. ಒಣಬಟ್ಟೆಯಿಂದ ಒರಸಿ ಸೋಪು ನೀರಿನಿಂದ ತೊಳೆದರೆ ಸಾಕು.

ಬೆನ್ನಿನ ಮಾತನ್ನೂ ಇಲ್ಲಿ ಹೇಳಬೇಕು. ಒಂದು ಚದರ ಮೀಟರ್ ಅಗಲದ, 5 ಮಿಲಿಮೀಟರ್ ದಪ್ಪದ ಗಾಜು ಹನ್ನೆರಡೂವರೆ ಕಿಲೋ ತೂಗುತ್ತದೆ. ಇದು ಮೂಟೆ ಹೊತ್ತ ಬೆನ್ನಿಗೆ ಭಾರವೇ ಅಲ್ಲವೆಂದು ತೋರಬಹುದು. ಆದರೆ ಮೂಟೆಯನ್ನು ಮೈಗೆ ಒತ್ತಿ ಹಿಡಿಯುತ್ತೇವೆ. ಗಾಜನ್ನಾದರೋ ಚಾವಣಿಯ ನಡುವಿನವರೆಗೆ ಕೈಚಾಚಿ, ಸೊಂಟ ಬಾಗಿಸಿ, ಅಂಟಿನ ಗೆರೆ ಕೆಡದಂತೆ ಉಸಿರು ಬಿಗಿಹಿಡಿದು ಇಳಿಸಬೇಕು. ತೂಕ ದೇಹದಿಂದ ದೂರವಾದಷ್ಟೂ ಬೆನ್ನೆಲುಬಿನ ಮೇಲಿನ ಒತ್ತಡ ಹಲವು ಪಟ್ಟು ಏರುತ್ತದೆ. ಕಾರ್ಖಾನೆಯಲ್ಲಿ ಭಾರವನ್ನು ಯಂತ್ರದ ತೋಳು ಹೊರುತ್ತದೆ. ಗ್ಯಾರೇಜಿನಲ್ಲಿ ಎರಡು ಪಕ್ಕಗಳಲ್ಲಿ ಒಂದೊಂದು ಮರದ ಕಟ್ಟೆಯನ್ನಿಟ್ಟು ಇಬ್ಬರು ನಿಂತು ಇಳಿಸಿದರೆ ಬೆನ್ನೂ ಉಳಿಯುತ್ತದೆ, ಗಾಜೂ ನೆಟ್ಟಗೆ ಕೂರುತ್ತದೆ. ಹದಗೊಳಿಸಿದ ಗಾಜಿನ ಅಂಚಿಗೆ ಸಣ್ಣ ಪೆಟ್ಟು ಬಿದ್ದರೂ ಇಡೀ ಹಲಗೆ ಒಮ್ಮೆಗೇ ಹರಳುಹರಳಾಗಿ ಸಿಡಿಯುವುದರಿಂದ ಕಣ್ಣಿಗೆ ಕನ್ನಡಕವಿಲ್ಲದೆ ಅದನ್ನು ಮುಟ್ಟಲಾಗದು.

ಗಾಡಿಯ ಯಜಮಾನರಿಗೂ ಎರಡು ಮಾತು. ಜರುಗುವ ಗಾಜಿನ ಸುತ್ತಲಿನ ಪಟ್ಟಿ ನೀರನ್ನು ಪೂರ್ತಿಯಾಗಿ ತಡೆಯಲೆಂದು ಮಾಡಿದ್ದಲ್ಲ; ಒಳಬಂದ ನೀರು ಚೌಕಟ್ಟಿನ ಕಾಲುವೆಗೆ ಬಿದ್ದು, ಮೂಲೆಗಳ ಕೊಳವೆಗಳ ಮೂಲಕ ಕಂಬಗಳೊಳಗೆ ಇಳಿದು ಹೊರಹೋಗುತ್ತದೆ. ಬೇವಿನ ಎಲೆ, ಧೂಳು ತುಂಬಿ ಕೊಳವೆ ಕಟ್ಟಿದರೆ ಮಳೆಗಾಲದಲ್ಲಿ ಕಾರಿನೊಳಗಿನ ಜಮಖಾನೆ ನೆನೆದು ಬೂಸಲು ಹಿಡಿಯುತ್ತದೆ. ಉಬ್ಬಸದ ಮಕ್ಕಳಿಗೆ ಆ ಬೂಸಲು ಕೆಟ್ಟದ್ದು. ಜೂನ್ ತಿಂಗಳಿಗೆ ಮೊದಲು ಕೊಳವೆಗಳನ್ನು ತೆಗೆಸಿ ನೋಡಿಸಿರಿ. ಇನ್ನು, ಓಡುವ ಗಾಡಿಯ ಚಾವಣಿಯಿಂದ ಮಕ್ಕಳ ತಲೆಯನ್ನು ಹೊರಕ್ಕೆ ನಿಲ್ಲಿಸುವುದು ಗಟ್ಟಿಯಾಗಿ ಬ್ರೇಕ್ ಹಾಕಿದ ಕ್ಷಣದಲ್ಲಿ ಕತ್ತು ಎದೆಗಳಿಗೆ ತಗಡಿನ ಅಂಚನ್ನು ಒಡ್ಡಿದಂತೆ. ವಾಹನದ ಒಡಲಿನ ಹೊರಗೆ ಯಾರನ್ನೂ ಒಯ್ಯಬಾರದೆಂದು 1988ರ ಮೋಟಾರು ವಾಹನಗಳ ಕಾಯಿದೆಯ 123ನೆಯ ಕಲಮು ಹೇಳುತ್ತದೆ.

ಮನೆಯಲ್ಲಿ ಗ್ಯಾರೇಜಿನ ಕೆಲಸಗಾರನಿದ್ದು ಕೆಮ್ಮು ಎರಡು ವಾರ ದಾಟಿದರೆ, ಎರ್ರಗಡ್ಡದ ಸರ್ಕಾರಿ ಎದೆರೋಗ ಆಸ್ಪತ್ರೆಗೋ ಪಂಜಗುಟ್ಟದ ನಿಮ್ಸ್ ಆಸ್ಪತ್ರೆಯ ಶ್ವಾಸಕೋಶ ವಿಭಾಗಕ್ಕೋ ಕರೆದೊಯ್ಯಿರಿ, ಇ.ಎಸ್.ಐ. ಚೀಟಿ ಇದ್ದವರಿಗೆ ಸನತ್‌ನಗರದ ಆಸ್ಪತ್ರೆಯಿದೆ. ಕ್ಷಯದ ಪರೀಕ್ಷೆಯನ್ನು ಅವರು ಮೊದಲು ಮಾಡುವುದು ನ್ಯಾಯವೇ. ಅದಾದ ಮೇಲೆ, ಮಾಡುವ ಕೆಲಸವೇನೆಂಬುದನ್ನು ವೈದ್ಯರು ಕೇಳದಿದ್ದರೂ ನೀವೇ ಹೇಳಿ. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಊದುಗೊಳವೆ ಔಷಧದ ಅಂಗಡಿಗಳಲ್ಲಿ ಸಿಗುತ್ತದೆ. ದಿನಕ್ಕೆ 4 ಬಾರಿಯಂತೆ, ರಜೆಯ ದಿನಗಳೂ ಸೇರಿ, 2ರಿಂದ 4 ವಾರ ಊದಿ ಅಂಕಿಗಳನ್ನು ಬರೆದಿಟ್ಟರೆ ವೈದ್ಯರಿಗೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೊಂದಿಲ್ಲ. ಆ ಪುಸ್ತಕದ ಜೊತೆಗೆ ಅಂಟಿನ ಖಾಲಿ ಕೊಳವೆಯನ್ನೂ ಪ್ರೈಮರಿನ ಡಬ್ಬಿಯನ್ನೂ ಮುಚ್ಚಳ ಬಿಗಿದು ಚೀಲದಲ್ಲಿ ಹಾಕಿಕೊಂಡು ಹೋಗಿ. ಅದರೊಳಗೆ ಏನೇನಿತ್ತೆಂಬುದು ಮೇಲಿನ ಚೀಟಿಯಲ್ಲಿಯೇ ಅಚ್ಚಾಗಿರುತ್ತದೆ.