ಮದ್ಯದ ಮೇಲೆ ಮಾತ್ರೆ

ಮದ್ಯವು ನಿಷಿದ್ಧವೆಂಬುದು ನಮ್ಮ ಮನೆಗಳ ಚಿಕ್ಕ ಮಕ್ಕಳಿಗೂ ಗೊತ್ತು. ಪವಿತ್ರ ಕುರ್‌ಆನ್‌ನ ಅಲ್ ಮಾಇದಃ ಅಧ್ಯಾಯದ 90ನೇ ಸೂಕ್ತವು ಈ ಬಗ್ಗೆ ಯಾವ ಸಂದೇಹವನ್ನೂ ಉಳಿಸಿಲ್ಲ. ಆದರೂ ಈ ಪಿಡುಗು ಕೆಲವು ಮನೆಗಳೊಳಗೆ ನುಸುಳಿದೆ. ಮಾನಕ್ಕೆ ಅಂಜಿ ಮನೆಯವರು ಅದನ್ನು ಮುಚ್ಚಿಡುತ್ತಾರೆ. ವೈದ್ಯರಿಂದಲೂ ಮುಚ್ಚಿಟ್ಟರೆ ಏನಾದೀತೆಂದು ಯೋಚಿಸಿದ್ದೀರಾ?

ನಿದ್ದೆ ಬರುವುದಿಲ್ಲವೆಂದು ಒಬ್ಬಾತ ವೈದ್ಯರ ಬಳಿಗೆ ಹೋದನೆಂದಿಟ್ಟುಕೊಳ್ಳಿ. ಕುಡಿತದ ವಿಷಯ ಹೇಳಲಿಲ್ಲ. ವೈದ್ಯರು ಡಯಾಜೆಪಾಮ್‌ನಂತಹ ಮಾತ್ರೆ ಬರೆದುಕೊಟ್ಟರು. ರಾತ್ರಿ ಕುಡಿದು ಬಂದು ಅದನ್ನು ನುಂಗಿದ. ಮದ್ಯವೂ ಈ ಮಾತ್ರೆಯೂ ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುತ್ತವೆ. ಎರಡೂ ಕೂಡಿದರೆ ಉಸಿರಾಟ ನಿಧಾನವಾಗುತ್ತದೆ, ನಿಂತೇ ಹೋಗಲೂಬಹುದು. ಟ್ರಮಡಾಲ್ ಎಂಬ ನೋವಿನ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ ಕೂಡ ಇದೇ ಅಪಾಯವನ್ನು ತರುತ್ತವೆ. ಮನೆಯವರಿಗೆ ಕೇಳಿಸುವುದು ಗೊರಕೆ ಮಾತ್ರ. ಅಮಲು ಇಳಿಯಲಿ ಎಂದು ಬಿಟ್ಟುಬಿಡುತ್ತಾರೆ. ಬೆಳಿಗ್ಗೆ ಎಬ್ಬಿಸಲು ಹೋದಾಗ ಕಾಲ ಮಿಂಚಿರುತ್ತದೆ.

ಸಾಮಾನ್ಯ ಔಷಧಿಗಳೂ ಇದಕ್ಕೆ ಹೊರತಲ್ಲ. ದಿನವೂ ಹೆಚ್ಚು ಕುಡಿಯುವವನ ಯಕೃತ್ತಿಗೆ ಪ್ಯಾರಾಸಿಟಮಾಲ್ ಪೆಟ್ಟು ಕೊಡಬಹುದು. ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ. ಇನ್ಸುಲಿನ್ ಅಥವಾ ಗ್ಲಿಬೆನ್‌ಕ್ಲಮೈಡ್ ಸೇವಿಸುವ ಸಕ್ಕರೆ ಕಾಯಿಲೆಯವರು ಕುಡಿದರೆ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆಗಿನ ತೊದಲು ಮಾತು, ತೂರಾಟಗಳನ್ನು ಕಂಡವರು ಬರೀ ಅಮಲೆಂದು ತಿಳಿದು ಸುಮ್ಮನಾಗುತ್ತಾರೆ.

ಆದ್ದರಿಂದ ಓದುಗರೇ, ಇಷ್ಟನ್ನು ಮರೆಯದಿರಿ. ಕುಡಿದು ಮಲಗಿದವರು ಕೂಗಿದರೂ ಎಚ್ಚರಗೊಳ್ಳದಿದ್ದರೆ, ಉಸಿರು ನಿಧಾನವಾಗಿದ್ದರೆ, ತುಟಿ ನೀಲಿಗಟ್ಟಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿರಿ. ವಾಂತಿ ಗಂಟಲಿಗೆ ಸಿಲುಕದಂತೆ ಪಕ್ಕಕ್ಕೆ ಹೊರಳಿಸಿ ಮಲಗಿಸಿರಿ. ಒಂಟಿಯಾಗಿ ಬಿಡಬೇಡಿರಿ. ನುಂಗಿದ ಮಾತ್ರೆಯ ಪಟ್ಟಿಯನ್ನು ಆಸ್ಪತ್ರೆಗೆ ಒಯ್ಯಿರಿ, ಕುಡಿದದ್ದನ್ನೂ ಮರೆಮಾಚದೆ ಹೇಳಿರಿ. ಬಹುಕಾಲ ದಿನವೂ ಕುಡಿದವನು ಬಿಡಲು ನಿರ್ಧರಿಸಿದರೆ ಅದು ಶುಭವಾರ್ತೆಯೇ ಸರಿ. ಆದರೆ ಹಠಾತ್ತನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವೈದ್ಯರ ನೆರವಿನಿಂದಲೇ ಬಿಡಬೇಕು.

ಸಹೋದರನ ತಪ್ಪನ್ನು ಊರೆಲ್ಲ ಸಾರುವುದು ಪಾಪ. ಆದರೆ ಅವನ ಪ್ರಾಣ ಉಳಿಸಲು ವೈದ್ಯರಿಗೆ ನಿಜ ಹೇಳುವುದು ಚಾಡಿಯಲ್ಲ, ಹೊಣೆಗಾರಿಕೆ. ಪಶ್ಚಾತ್ತಾಪದ ಬಾಗಿಲು ಜೀವವಿರುವ ತನಕ ತೆರೆದಿದೆ. ಆ ಬಾಗಿಲನ್ನು ತಲಪುವವರೆಗೆ ಅವನು ಬದುಕಿರಬೇಡವೇ?