ಹೋಟೆಲ್ ಪಾಯಿಂಟ್ ಸೇಲ್: ಕಾನೂನು ಎಲ್ಲಿಯವರೆಗೆ ನಿಮ್ಮ ಬೆಂಬಲಕ್ಕಿದೆ?

ಹಿಲ್ಟನ್, ಮ್ಯಾರಿಯಟ್, ಐಎಚ್‌ಜಿ, ಹಯಾತ್ ಮೊದಲಾದ ಹೋಟೆಲ್ ಬಳಗಗಳಲ್ಲಿ ಸದಸ್ಯರಾಗಿರುವವರಿಗೆ ವರ್ಷದಲ್ಲಿ ಹಲವು ಸಲ ಒಂದು ಇಮೇಲ್ ಬರುತ್ತದೆ. ಪಾಯಿಂಟ್ ಕೊಳ್ಳಿ, ಕೊಂಡಷ್ಟೇ ಬೋನಸ್ ಪಡೆಯಿರಿ, ಇನ್ನು ಕೆಲವೇ ದಿನ ಬಾಕಿ. ತಂಗಿದ್ದಕ್ಕೆ ಕೃತಜ್ಞತೆಯಾಗಿ ಸಿಗುತ್ತಿದ್ದ ಪಾಯಿಂಟು ಈಗ ದುಡ್ಡು ಕೊಟ್ಟು ಕೊಳ್ಳುವ ಸರಕೂ ಆಗಿದೆ. ಕಂಪನಿ ಕೆಲಸದ ಮೇಲೆ ಊರೂರು ತಿರುಗುವ ಬೆಂಗಳೂರಿನವರು, ವಿದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ತಂದೆ-ತಾಯಂದಿರು ಹತ್ತಾರು ಸಾವಿರ ರೂಪಾಯಿ ತೆತ್ತು ಇವನ್ನು ಕೊಳ್ಳುತ್ತಿದ್ದಾರೆ. ಕೊಳ್ಳುವುದು ತಪ್ಪಲ್ಲ. ಆದರೆ ಕೊಳ್ಳುವವರು ಒಂದು ವಿಷಯವನ್ನು ಮನದಟ್ಟು ಮಾಡಿಕೊಂಡಿರಬೇಕು: ಹಣ ಕೊಡುವ ಹೊತ್ತಿನಲ್ಲಿ ನಿಮಗೆ ಏನು ಹೇಳಲಾಗಿತ್ತೋ ಅದರ ಮಟ್ಟಿಗೆ ನಿಮ್ಮ ಹಕ್ಕು ಗಟ್ಟಿ. ಮುಂದೊಂದು ದಿನ ಆ ಪಾಯಿಂಟಿಗೆ ಎಂಥ ಕೋಣೆ ಸಿಗುತ್ತದೆ ಎಂಬ ವಿಷಯದಲ್ಲಿ ಅದೇ ಹಕ್ಕು ತೀರ ದುರ್ಬಲ.

ಕಾರಣ ಷರತ್ತುಗಳಲ್ಲಿದೆ. ಬಹುತೇಕ ಎಲ್ಲ ಯೋಜನೆಗಳ ಷರತ್ತುಗಳೂ ಹೇಳುವುದು ಒಂದೇ. ಪಾಯಿಂಟಿಗೆ ನಗದು ಮೌಲ್ಯವಿಲ್ಲ, ಅದು ಸದಸ್ಯರ ಆಸ್ತಿಯಲ್ಲ, ಕೊಂಡ ಪಾಯಿಂಟನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಒಂದು ರಾತ್ರಿಗೆ ಎಷ್ಟು ಪಾಯಿಂಟ್ ಎಂಬುದನ್ನು ಕಂಪನಿ ಯಾವಾಗ ಬೇಕಾದರೂ ಬದಲಿಸಬಹುದು. ಹಿಲ್ಟನ್ 2017ರಲ್ಲೇ ತನ್ನ ನಿಗದಿತ ದರಪಟ್ಟಿಯನ್ನು ಕೈಬಿಟ್ಟಿತು, ಮ್ಯಾರಿಯಟ್ 2022ರಲ್ಲಿ. ಪಟ್ಟಿಯೇ ಇಲ್ಲದ ಮೇಲೆ ದರ ಏರಿತೆಂದು ತೋರಿಸಲು ಆಧಾರವೂ ಉಳಿಯುವುದಿಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. ಪಾಯಿಂಟಿಗೆ ಅಂಥ ಯಾವ ರಕ್ಷಣೆಯೂ ಇಲ್ಲ. ಖಾತೆಯಲ್ಲಿ ಚಲನೆ ಇಲ್ಲದಿದ್ದರೆ ಹಿಲ್ಟನ್, ಮ್ಯಾರಿಯಟ್, ಹಯಾತ್ ಪಾಯಿಂಟುಗಳು 24 ತಿಂಗಳಿಗೆ ರದ್ದಾಗುತ್ತವೆ. ಐಎಚ್‌ಜಿಯ ಸಾಮಾನ್ಯ ಸದಸ್ಯರಿಗೆ ಇರುವುದು 12 ತಿಂಗಳು ಮಾತ್ರ. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟ: ಯಾವ ಊರು, ಯಾವ ಹೋಟೆಲ್, ಯಾವ ದಿನ ಎಂಬುದು ಗೊತ್ತಿದ್ದು, ಆ ದಿನ ಪಾಯಿಂಟಿಗೆ ಕೋಣೆ ಖಾಲಿ ಇರುವುದನ್ನು ಕಣ್ಣಾರೆ ನೋಡಿದ್ದರೆ ಮಾತ್ರ ಕೊಳ್ಳಿ. ಪಾಯಿಂಟ್ ಖಾತೆಗೆ ಬಿದ್ದ ಕೂಡಲೇ ಕೋಣೆ ಕಾಯ್ದಿರಿಸಿ. ಮುಂದೆಂದೋ ಬೇಕಾದೀತು ಎಂದು ಕೂಡಿಡಬೇಡಿ.

ಬೆಲೆ ಹೋಲಿಸದೆ ಈ ತೀರ್ಮಾನಕ್ಕೆ ಬರಲಾಗದು. ಒಂದು ಪಾಯಿಂಟಿನ ಮಾಮೂಲಿ ಬೆಲೆ ಒಂದು ಸೆಂಟ್ ಎಂದುಕೊಳ್ಳಿ. ಶೇ 100 ಬೋನಸ್ ಸಿಕ್ಕಾಗ ಅದು ಅರ್ಧ ಸೆಂಟ್. ಡಾಲರಿಗೆ 90 ರೂಪಾಯಿಯಂತೆ 45 ಪೈಸೆ. ಬೆಲೆ ಡಾಲರಿನಲ್ಲಿ ಇರುವುದರಿಂದ ಹಲವು ಕ್ರೆಡಿಟ್ ಕಾರ್ಡ್‌ಗಳು ಶೇ 3.5ರಷ್ಟು ವಿದೇಶಿ ವಿನಿಮಯ ಶುಲ್ಕವನ್ನೂ ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿಯನ್ನೂ ಹಾಕುತ್ತವೆ. ಅಲ್ಲಿಗೆ 47 ಪೈಸೆ ಹತ್ತಿರ ಆಯಿತು. ರಾತ್ರಿಗೆ 30,000 ಪಾಯಿಂಟ್ ಕೇಳುವ ಕೋಣೆಗೆ ನೀವು ನಿಜಕ್ಕೂ ಕೊಟ್ಟದ್ದು 14,100 ರೂಪಾಯಿ. ಅದೇ ಕೋಣೆ ನಗದಿಗೆ 11,000 ಇದ್ದರೆ, 7,500 ರೂಪಾಯಿ ಮೀರಿದ ಕೋಣೆಗಳಿಗಿರುವ ಶೇ 18 ಜಿಎಸ್‌ಟಿ ಸೇರಿಸಿದರೂ 12,980. ಸೇಲ್‌ನಲ್ಲಿ ಕೊಂಡೂ ಸಾವಿರಕ್ಕಿಂತ ಹೆಚ್ಚು ನಷ್ಟ. ಮದುವೆ ಹಂಗಾಮಿನಲ್ಲಿ ಆ ಕೋಣೆಯ ದರ 18,000ಕ್ಕೆ ಏರಿ, ಪಾಯಿಂಟ್ ಮಾತ್ರ 30,000 ದಾಟದಿದ್ದರೆ ಏಳು ಸಾವಿರ ಉಳಿಯುತ್ತದೆ. ಆದರೆ ದರ ಏರಿದ ದಿನಗಳಲ್ಲಿ ಕೇಳುವ ಪಾಯಿಂಟೂ ಸಾಮಾನ್ಯವಾಗಿ ಏರಿರುತ್ತದೆ. ನಗದು ಕೊಟ್ಟು ತಂಗಿದರೆ ಹೊಸ ಪಾಯಿಂಟ್ ಸಿಗುತ್ತದೆ ಎಂಬುದನ್ನೂ ಮರೆಯಬಾರದು.

ಇನ್ನು ಕಾನೂನಿಗೆ ಬರೋಣ. ಕಂಪನಿ ಅಮೆರಿಕದ್ದು, ಬೆಂಗಳೂರಿನಲ್ಲಿ ಕೂತು ನಾವೇನು ಮಾಡಲಾದೀತು ಎಂದು ಹಲವರು ಕೈಚೆಲ್ಲುತ್ತಾರೆ. ಅಷ್ಟು ಬೇಗ ಸೋಲೊಪ್ಪಬೇಕಿಲ್ಲ. ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳು, 2020 ಭಾರತದಲ್ಲಿ ಸ್ಥಾಪನೆಯಾಗದಿದ್ದರೂ ಇಲ್ಲಿನ ಗ್ರಾಹಕರಿಗೆ ವ್ಯವಸ್ಥಿತವಾಗಿ ಸರಕು, ಸೇವೆ ಮಾರುವ ಸಂಸ್ಥೆಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಸಂಸ್ಥೆಗೆ ಕುಂದುಕೊರತೆ ಅಧಿಕಾರಿ ಇರಬೇಕು, ದೂರು ತಲುಪಿದ್ದನ್ನು ಅವರು 48 ಗಂಟೆಯೊಳಗೆ ದೃಢಪಡಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ನಿಮ್ಮ ಒಪ್ಪಿಗೆಯನ್ನು ನೀವೇ ಸ್ಪಷ್ಟವಾಗಿ ನೀಡಬೇಕು. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ಒಪ್ಪಿಗೆ ಎಂದು ಪರಿಗಣಿಸುವಂತಿಲ್ಲ.

ಪರದೆಯ ಮೇಲೆ ಓಡುವ ಗಡಿಯಾರದ ಬಗ್ಗೆಯೂ ನಿಯಮವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು ನಿಷೇಧಿಸಿದೆ. ಇಲ್ಲದ ತುರ್ತನ್ನು ಹುಟ್ಟಿಸಿ ಅವಸರಪಡಿಸುವುದು, ಮೊದಲು ಒಂದು ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕ ಸೇರಿಸುವುದು ಎರಡೂ ಅದರಲ್ಲಿವೆ. "ಇಂದೇ ಕೊನೆ" ಎಂದು ಹೇಳಿ ಮರುದಿನವೂ ಅದೇ ಕೊಡುಗೆ ಮುಂದುವರಿದರೆ ಎರಡೂ ದಿನದ ಪರದೆಚಿತ್ರ ತೆಗೆದಿಡಿ. ನಿಜವಾಗಿ ಕೊನೆ ದಿನವಿರುವ ಸೇಲ್ ಅಪರಾಧವಲ್ಲ ಎಂಬುದೂ ನೆನಪಿರಲಿ.

ಹೆಚ್ಚು ನೋವಿನ, ಹೆಚ್ಚು ಜಟಿಲವಾದ ಪ್ರಶ್ನೆ ಬೇರೆ. ಇವತ್ತು ಒಂದು ಲಕ್ಷ ಪಾಯಿಂಟ್ ಕೊಂಡಿರಿ, ಮುಂದಿನ ವಾರ ನೀವು ಬಯಸಿದ ಹೋಟೆಲ್ ಪಾಯಿಂಟ್ ದರವನ್ನು ಒಂದೂವರೆ ಪಟ್ಟು ಮಾಡಿತು. ದಾವೆ ಹೂಡಬಹುದೇ? ದರ ಏರಿತು ಎಂಬುದೊಂದೇ ಕಾರಣ ಸಾಕಾಗದು. ಬದಲಿಸುವ ಅಧಿಕಾರವನ್ನು ನೀವೇ ಒಪ್ಪಿದ್ದೀರಿ ಎಂದು ಕಂಪನಿ ಷರತ್ತು ತೋರಿಸುತ್ತದೆ. ಆದರೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಕಲಂ 2(28) ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮುಚ್ಚಿಡುವ ಜಾಹೀರಾತನ್ನೂ ದಾರಿತಪ್ಪಿಸುವ ಜಾಹೀರಾತು ಎನ್ನುತ್ತದೆ. ದರ ಏರಿಸಲು ಆಗಲೇ ನಿರ್ಧರಿಸಿದ್ದು, ಅದನ್ನು ಹೇಳದೆ "ನಿಮ್ಮ ಕನಸಿನ ರಜೆ ಇಷ್ಟು ಪಾಯಿಂಟಿಗೆ" ಎಂದು ಆ ಹೋಟೆಲಿನ ಹೆಸರು ಹಾಕಿಯೇ ಮಾರಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ. ಇಂಥ ಜಾಹೀರಾತಿಗೆ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಹುದು. ಷರತ್ತೇ ಅನ್ಯಾಯದ್ದು, ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಖಾತೆ ರದ್ದು ಮಾಡುವಂಥದ್ದು ಎಂದು ಪ್ರಶ್ನಿಸುವುದಾದರೆ ಅದು ಕಲಂ 2(46)ರ ಅನುಚಿತ ಒಪ್ಪಂದದ ವಿಷಯ. ಆ ದೂರು ಜಿಲ್ಲಾ ಗ್ರಾಹಕ ಆಯೋಗಕ್ಕಲ್ಲ, ಬೆಂಗಳೂರಿನಲ್ಲಿರುವ ರಾಜ್ಯ ಗ್ರಾಹಕ ಆಯೋಗಕ್ಕೆ ಹೋಗಬೇಕು. ಇದು ತಿಳಿಯದೆ ತಪ್ಪು ಕಡೆ ಸಲ್ಲಿಸಿದರೆ ತಿಂಗಳುಗಟ್ಟಲೆ ವ್ಯರ್ಥವಾಗುತ್ತದೆ.

ಹಣ ಕಡಿತವಾಗಿ ಪಾಯಿಂಟ್ ಬರಲಿಲ್ಲ, ಹೇಳಿದ ಬೋನಸ್ ಕೊಡಲಿಲ್ಲ ಎಂಬ ಪ್ರಕರಣಗಳಲ್ಲಿ ನಿಮ್ಮ ನೆಲೆ ಬಹಳ ಭದ್ರ. ಅದು ನೇರ ಸೇವಾ ನ್ಯೂನತೆ. ಇಲ್ಲಿ ಒಂದು ಸೂಕ್ಷ್ಮವಿದೆ. ಹಲವು ಬಳಗಗಳ ಪಾಯಿಂಟ್ ಮಾರಾಟವನ್ನು ನಡೆಸುವುದು ಪಾಯಿಂಟ್ಸ್ ಎಂಬ ಕೆನಡಾ ಮೂಲದ ಕಂಪನಿ, ಹೋಟೆಲ್ ಅಲ್ಲ. ಕಾರ್ಡ್ ಸ್ಟೇಟ್‌ಮೆಂಟಿನಲ್ಲಿ ಹಣ ಪಡೆದವರ ಹೆಸರು ನೋಡಿ, ಹೋಟೆಲ್ ಬಳಗವನ್ನೂ ಮಾರಿದ ಕಂಪನಿಯನ್ನೂ ಎದುರುದಾರರನ್ನಾಗಿ ಮಾಡಿ. ಜೊತೆಗೇ ಬ್ಯಾಂಕಿಗೆ ಬರೆದು ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಿಂದ ಹೋದ ಹಣದ ವಾಪಸಾತಿ, ಕೇಳಿ. ಅದಕ್ಕೆ ಗಡುವಿರುವುದರಿಂದ ತಡ ಮಾಡಬಾರದು. ಬ್ಯಾಂಕ್ 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು. ನೀವು ಮಾಡದ ಖರೀದಿ ಕಾರ್ಡಿನಲ್ಲಿ ಕಂಡರಂತೂ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿ. ತಪ್ಪು ನಿಮ್ಮದೂ ಅಲ್ಲದ, ಬ್ಯಾಂಕಿನದೂ ಅಲ್ಲದ ಪ್ರಕರಣದಲ್ಲಿ ಹಾಗೆ ತಿಳಿಸಿದವರ ಮೇಲೆ ಯಾವ ಹೊರೆಯೂ ಬೀಳುವುದಿಲ್ಲ ಎಂಬುದು 2017ರ ರಿಸರ್ವ್ ಬ್ಯಾಂಕ್ ಸುತ್ತೋಲೆ.

ಕುಂದುಕೊರತೆ ಅಧಿಕಾರಿಯಿಂದ ಕೆಲಸವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಹಣ 5 ಲಕ್ಷ ಮೀರದಿದ್ದರೆ ಶುಲ್ಕವೇ ಇಲ್ಲ, ವಕೀಲರು ಕಡ್ಡಾಯವಲ್ಲ, ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಕಲಂ 34ರಂತೆ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು; ಶಿವಮೊಗ್ಗದವರು ಶಿವಮೊಗ್ಗದಲ್ಲೇ. ಷರತ್ತಿನಲ್ಲಿ ವಿದೇಶದ ಮಧ್ಯಸ್ಥಿಕೆಯ ಮಾತಿದ್ದರೆ ಹೆದರಬೇಡಿ: ಈ ಕಾಯ್ದೆಯ ಪರಿಹಾರ ಬೇರೆ ಕಾನೂನುಗಳ ಪರಿಹಾರದ ಜೊತೆಗೆ ಹೆಚ್ಚುವರಿಯಾದದ್ದು ಎನ್ನುತ್ತದೆ ಕಲಂ 100. ಮಧ್ಯಸ್ಥಿಕೆ ಷರತ್ತು ಗ್ರಾಹಕರನ್ನು ಆಯೋಗದಿಂದ ದೂರವಿಡಲಾರದು ಎಂಬ ನಿಲುವನ್ನು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿದೆ. ವಿದೇಶಿ ಕಂಪನಿಯಿಂದ ಹಣ ವಸೂಲಿ ನಿಧಾನವೇ ಸರಿ. ಅದಕ್ಕೇ ಆ ಬಳಗದ ಭಾರತದ ಕಚೇರಿಯ ವಿಳಾಸವನ್ನೂ ಹುಡುಕಿ ದೂರಿನಲ್ಲಿ ಸೇರಿಸಿ.

ದೂರಿನ ಜೊತೆ ಇಡಬೇಕಾದದ್ದು ಸೇಲ್‌ನ ಇಮೇಲ್, ಕೊಂಡ ದಿನದ ಷರತ್ತಿನ ಪ್ರತಿ, ಬಯಸಿದ ಕೋಣೆಯ ಪಾಯಿಂಟ್ ದರ ತೋರಿಸುವ ದಿನಾಂಕ ಸಹಿತ ಪರದೆಚಿತ್ರ, ರಸೀದಿ, ಪತ್ರವ್ಯವಹಾರ. ಷರತ್ತು ಜಾಲತಾಣದಲ್ಲಿ ಬದಲಾಗುತ್ತಲೇ ಇರುವುದರಿಂದ ಕೊಂಡ ದಿನವೇ ಪಿಡಿಎಫ್ ಮಾಡಿಡುವುದು ಬಹು ಮುಖ್ಯ. ಎಲೆಕ್ಟ್ರಾನಿಕ್ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರ ಪ್ರಮಾಣಪತ್ರ ಲಗತ್ತಿಸಿದರೆ ಮುಂದೆ ತಕರಾರಿಗೆ ಎಡೆಯಿರದು. ವಿವಾದ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. ಸೇಲ್‌ನಲ್ಲಿ ಅಗ್ಗಕ್ಕೆ ಕೊಂಡು ಬೇರೆಯವರಿಗೆ ಮಾರುವವರು ಮಾತ್ರ ಈ ದಾರಿಯನ್ನು ನೆಚ್ಚಿಕೊಳ್ಳುವಂತಿಲ್ಲ: ಯೋಜನೆಯ ಷರತ್ತಿನಂತೆ ಅವರ ಖಾತೆ ರದ್ದಾಗಬಹುದು, ಮರುಮಾರಾಟಕ್ಕೆ ಕೊಂಡವರನ್ನು ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(7) ಗ್ರಾಹಕರೆಂದೇ ಪರಿಗಣಿಸುವುದಿಲ್ಲ.